ನಲವತ್ತಕ್ಕೆ ನಲವತ್ತು

ನನ್ನ ಗೆಳೆಯ ಟಾಕ್ ಪಿಲ್ಗು ಎಂಬುವನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದು ವಿದ್ಯೆಯ ಆಸೆಯಿಂದಲ್ಲ, ಟವೆಲ್ಲಿನ ಆಸೆಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆಮೇಲೆ ನಮ್ಮ ಮೊಕ್ಪೊ ಬಂದರಿನ ಮೀನು ಮಾರುಕಟ್ಟೆಯಲ್ಲಿ ಹುಟ್ಟಿಕೊಂಡ ಕಥೆಗಳಲ್ಲಿ, ವಿಶ್ವವಿದ್ಯಾಲಯದವರೇ ಕಾರು ಕಳಿಸಿ ಅವನನ್ನು ಕರೆಸಿಕೊಂಡರು ಎಂಬುದೂ ಒಂದು. ಕಾರೂ ಇಲ್ಲ ಗೀರೂ ಇಲ್ಲ. ಅವನು ಹೋದದ್ದು ಸಿಟಿ ಬಸ್ಸಿನಲ್ಲಿ, ಅದೂ ನಿಂತುಕೊಂಡು. ಹತ್ತಿಸಿ ಬಂದವನೇ ನಾನು.

ನಮ್ಮೂರಿನಲ್ಲಿ ಯಾರ ಮಗುವಿಗೆ ವರ್ಷ ತುಂಬಿದರೂ, ಯಾವ ಅಂಗಡಿ ಬಾಗಿಲು ತೆರೆದರೂ ಹೆಸರು ಅಚ್ಚು ಹಾಕಿಸಿದ ಟವೆಲು ಹಂಚುತ್ತಾರೆ. ಪಿಲ್ಗುವಿನ ಮನೆಯಲ್ಲಿ ಟವೆಲು ಇಡಲು ಜಾಗವಿಲ್ಲ. ಆದರೂ ಬಸ್ ಸ್ಟಾಪಿನ ಕಂಬಕ್ಕೆ ಅಂಟಿಸಿದ್ದ ಚೀಟಿ ನೋಡಿ ಅವನ ಕಣ್ಣು ಅರಳಿತು. ಸುಳ್ಳನ್ನು ಜನ ಹೇಗೆ ಪತ್ತೆ ಹಚ್ಚುತ್ತಾರೆ ಎಂಬ ಸಂಶೋಧನೆಗೆ ಜನ ಬೇಕಂತೆ, ಬಂದವರಿಗೆ ಸ್ಮರಣಾರ್ಥವಾಗಿ ಟವೆಲು ಕೊಡುತ್ತಾರಂತೆ. "ವಿಶ್ವವಿದ್ಯಾಲಯದ ಟವೆಲು ಕಣೋ, ದಪ್ಪ ಇರುತ್ತೆ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ ಬಸ್ಸು ಹತ್ತಿದ.

ಪಿಲ್ಗುವಿನದು ಮುದ್ರೆ ಕೆತ್ತುವ ಅಂಗಡಿ. ಮನೆ ಕೊಳ್ಳುವವರಿಗೆ, ಬ್ಯಾಂಕಿಗೆ ಹೋಗುವವರಿಗೆ, ಮದುವೆ ನೋಂದಾಯಿಸುವವರಿಗೆ ಹೆಸರಿನ ಮುದ್ರೆ ಬೇಕು. ಬೆರಳುದ್ದದ ಮರದ ತುಂಡಿನ ತುದಿಯಲ್ಲಿ ಅವರ ಹೆಸರನ್ನು ತಿರುಗುಮುರುಗಾಗಿ ಕೆತ್ತಿ ಕೊಡುವುದು ಅವನ ಕಸುಬು. ಈಗಿನವರೆಲ್ಲ ಸಹಿ ಗೀಚಿ ಮುಗಿಸುವುದರಿಂದ ಅವನಿಗೆ ಕೆಲಸ ಕಡಿಮೆ, ಮಾತು ಜಾಸ್ತಿ. ಮನೆ ನಡೆಯುವುದು ಪಕ್ಕದ ಅಂಗಡಿಯಿಂದ. ಅಲ್ಲಿ ಅವನ ಹೆಂಡತಿ ಮಾಲ್ಸುನ್ ಹೊಂಗೊ ಮಾರುತ್ತಾಳೆ. ತೊರಕೆ ಮೀನನ್ನು ಹುಲ್ಲಿನ ಜೊತೆ ಮಡಕೆಯಲ್ಲಿ ಮುಚ್ಚಿಟ್ಟು ಹುದುಗಿಸಿದರೆ ಹೊಂಗೊ. ಮಡಕೆ ತೆರೆದರೆ ಹೊರಗಿನವರು ಮೂಗು ಹಿಡಿದುಕೊಂಡು ರೈಲ್ವೆ ಸ್ಟೇಷನ್ ಕಡೆಗೆ ಓಡುತ್ತಾರೆ. ನಮ್ಮವರಿಗೆ ಮಾತ್ರ ಅದಿಲ್ಲದ ಮದುವೆ ಮದುವೆಯೇ ಅಲ್ಲ. ಎದುರುಗಡೆ ನನ್ನದು ಪಾಚಿಹಾಳೆಯ ಅಂಗಡಿ. ಸಮುದ್ರದ ಪಾಚಿಯನ್ನು ಹಾಳೆ ಮಾಡಿ ಒಣಗಿಸಿ ಮಾರುತ್ತೇನೆ. ಆದ್ದರಿಂದ ಈ ಕಥೆಯ ಬಹುಭಾಗ ನಾನು ಕಣ್ಣಾರೆ ಕಂಡದ್ದು, ಉಳಿದದ್ದು ಕಿವಿಯಾರೆ ಕೇಳಿದ್ದು.

ಮೋಸ ಹೋಗುವುದರಲ್ಲಿ ಪಿಲ್ಗು ಎತ್ತಿದ ಕೈ. ಕರಡಿಯ ಪಿತ್ತ ಎಂದು ಹೇಳಿ ಹಂದಿಯ ಪಿತ್ತ ಮಾರಿದವನಿಗೆ ಊಟ ಹಾಕಿಸಿ, ಬಸ್ಸಿನವರೆಗೆ ಚೀಲ ಹೊತ್ತುಕೊಂಡು ಹೋಗಿ ಬಿಟ್ಟುಬಂದಿದ್ದ. ಅದೇ ದಾರಿಯಲ್ಲಿ ಬಿದ್ದುಹೋದ ತನ್ನ ಕನ್ನಡಕವನ್ನು ಹುಡುಕಿಕೊಂಡು ತಂದುಕೊಟ್ಟ ಪುಣ್ಯಾತ್ಮನನ್ನು ಕಳ್ಳನೆಂದು ಬೈದು ಅಟ್ಟಿದ್ದ. ಹಾಗಾಗಿ ಪ್ರತಿದಿನ ಬೆಳಿಗ್ಗೆ ಮಾಲ್ಸುನ್ ಅಂಗಡಿಯ ಶಟರು ಎತ್ತುವಾಗ, ಶಟರಿನ ಸದ್ದಿನ ಜೊತೆಗೇ ಇನ್ನೊಂದು ಸದ್ದು ಇಡೀ ಸಾಲಿಗೆ ಕೇಳುತ್ತಿತ್ತು:

"ನಿಮ್ಮನ್ನ ಕಟ್ಕೊಂಡು ನನ್ನ ಬಾಳು ಹಾಳಾಯ್ತು!"

ಆ ಸದ್ದು ಕೇಳಿದರೆ ನಮಗೆ ಗಡಿಯಾರ ನೋಡುವ ಅಗತ್ಯವಿರಲಿಲ್ಲ.

ಸರಿ, ಪಿಲ್ಗು ಹೋದ. ಅಲ್ಲಿ ನಾಮ್ಗುಂಗ್ ಎಂಬ ಪ್ರೊಫೆಸರಮ್ಮ ಅವನನ್ನು ಪರದೆಯ ಮುಂದೆ ಕೂರಿಸಿದರು. ಪರದೆಯ ಮೇಲೆ ಒಬ್ಬೊಬ್ಬರೇ ಬಂದು ಏನೋ ಹೇಳುವುದು: ನಾನು ಕಳೆದ ವಾರ ಬೆಟ್ಟ ಹತ್ತಿದೆ, ನನ್ನ ಮನೆಯಲ್ಲಿ ಆಮೆ ಇದೆ, ನನಗೆ ಅತ್ತೆ ಕಂಡರೆ ಪ್ರಾಣ. ಹೀಗೆ ನಲವತ್ತು ಜನ. ಯಾರು ನಿಜ, ಯಾರು ಸುಳ್ಳು ಎಂದು ಇವನು ಗುಂಡಿ ಒತ್ತಬೇಕು. ಪಿಲ್ಗು ಎಡಗಣ್ಣು ಕಿರಿದು ಮಾಡಿ, "ಉಂ" ಎಂದು ಹೂಂಕರಿಸಿ, ಟಪ್ ಟಪ್ ಎಂದು ಒತ್ತಿ ಮುಗಿಸಿದ. ಪ್ರೊಫೆಸರಮ್ಮ ಯಂತ್ರ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

"ಯಜಮಾನ್ರೇ, ಈ ಕೆಲಸಕ್ಕೆ ಬಂದಾಗ್ನಿಂದ ಇಂಥದ್ದು ನೋಡೇ ಇಲ್ಲ ನಾನು! ಸಾಮಾನ್ಯ ಜನಕ್ಕೆ ಅರ್ಧಕ್ಕರ್ಧ ಸರಿಯಾಗುತ್ತೆ, ಅಷ್ಟೇ. ಕಾಸು ಚಿಮ್ಮಿ ಹೇಳಿದ ಹಾಗೆ. ಪೊಲೀಸ್ನೋರಿಗೂ ಅಷ್ಟೇ, ಜಡ್ಜುಗಳಿಗೂ ಅಷ್ಟೇ. ನಿಮ್ದು ನೋಡಿದ್ರೆ ನಲವತ್ತಕ್ಕೆ ನಲವತ್ತೂ..."

ಇಲ್ಲಿ ಒಂದು ಮಾತು. ನಮ್ಮ ಕಡೆ ಹೊಗಳಿಕೆಯನ್ನು ಪೂರ್ತಿ ಕೇಳಿಸಿಕೊಳ್ಳುವವನು ಮರ್ಯಾದಸ್ಥನಲ್ಲ. ಹೊಗಳುವವರು ಅರ್ಧ ಹೇಳುತ್ತಿದ್ದಂತೆಯೇ ಕೈ ಅಡ್ಡ ಆಡಿಸಿ, ನಡು ಬಗ್ಗಿಸಿ, ಏನೂ ಇಲ್ಲ ಎಂದು ಹಿಂದೆ ಸರಿಯಬೇಕು. ಪಿಲ್ಗು ಎಷ್ಟೇ ದಡ್ಡನಿರಲಿ, ಅವನ ತಾಯಿ ಅವನನ್ನು ಚೆನ್ನಾಗಿ ಬೆಳೆಸಿದ್ದಳು.

"ಅಯ್ಯಯ್ಯೋ, ಬಿಡಿ ಬಿಡಿ! ಏನ್ ಮಹಾ!" ಎಂದು ಎದ್ದುನಿಂತು ಬಗ್ಗಿದ.

"ಇಲ್ಲ ಯಜಮಾನ್ರೇ, ಪೂರ್ತಿ ಕೇಳಿ—"

"ಬೇಡಮ್ಮಾ, ಬೇಡ! ನಾಚ್ಕೆ ಆಗುತ್ತೆ! ಏನೋ ಕಣ್ಣಿಗೆ ಕಂಡಿದ್ದು ಒತ್ತಿದೆ!" ಎಂದು ಬಗ್ಗುತ್ತ, ಹಿಂದೆ ಹಿಂದೆ ಸರಿಯುತ್ತ, ಮೇಜಿನ ಮೇಲಿನ ಟವೆಲು ಎತ್ತಿಕೊಂಡು, ಬೆನ್ನಿನಿಂದಲೇ ಬಾಗಿಲು ತಳ್ಳಿ ಹೊರಗೆ ಬಂದುಬಿಟ್ಟ. "ತಪ್ಪು" ಎಂಬ ಒಂದು ಪದ ಮುಚ್ಚಿದ ಬಾಗಿಲಿನ ಆಚೆಗೆ ಉಳಿಯಿತು.

ಸಂಜೆಯೊಳಗೆ ಸುದ್ದಿ ಮಾರುಕಟ್ಟೆಯನ್ನು ಎರಡು ಸುತ್ತು ಹಾಕಿತು. ನಮ್ಮ ವರ್ತಕರ ಸಂಘದ ಅಧ್ಯಕ್ಷರಿಗೆ ಬ್ಯಾನರು ಕಟ್ಟಿಸುವ ಚಟ. ಯಾರ ಮಗ ಪರೀಕ್ಷೆ ಪಾಸಾದರೂ, ಯಾರ ಅಜ್ಜಿಯ ಮಂಡಿ ಆಪರೇಷನ್ ಯಶಸ್ವಿಯಾದರೂ ಹಳದಿ ಬಟ್ಟೆ ಕಟ್ಟಿಸುತ್ತಾರೆ. ಮಾರನೇ ದಿನವೇ ಮಾರುಕಟ್ಟೆಯ ಹೆಬ್ಬಾಗಿಲಿಗೆ ಏರಿತು: "ಅಭಿನಂದನೆಗಳು! ವಿಶ್ವವಿದ್ಯಾಲಯದ ಸುಳ್ಳು ಪತ್ತೆ ಪರೀಕ್ಷೆಯಲ್ಲಿ ನಮ್ಮ ಟಾಕ್ ಪಿಲ್ಗು — ನಲವತ್ತಕ್ಕೆ ನಲವತ್ತು!"

ಪಿಲ್ಗು ಬ್ಯಾನರಿನ ಕೆಳಗೆ ಮೂರು ಸಲ ಬಂದ, ನಾಲ್ಕು ಸಲ ಹೋದ. ಕುತ್ತಿಗೆಯಲ್ಲಿ "ಸುಳ್ಳು ಪತ್ತೆ ಸಂಶೋಧನಾಲಯ, ಸ್ಮರಣಾರ್ಥ" ಎಂದು ಅಚ್ಚಾಗಿದ್ದ ಟವೆಲು. ಅಂದಿನಿಂದ ಅವನು ಅದನ್ನು ತೆಗೆದದ್ದನ್ನು ಯಾರೂ ನೋಡಲಿಲ್ಲ. ಬೆವರು ಒರೆಸಲು ಬೇರೆ ಟವೆಲು ಇಟ್ಟುಕೊಂಡ.

ಮೊದಲು ಬಂದವನು ಪೊಲೀಸ್ ಚೌಕಿಯ ಮಾ ಎಂಬ ದಫೇದಾರ. ಒಣ ಬೊಂಡಾಸು ಮೀನಿನ ಕಟ್ಟು ಕದ್ದವನನ್ನು ಕಟ್ಟಿನ ಸಮೇತ ಹಿಡಿದು ತಂದಿದ್ದ.

"ನಾನೇ ಕದ್ದೆ ಸ್ವಾಮಿ, ತಪ್ಪಾಯ್ತು," ಎಂದ ಕಳ್ಳ, ತಲೆ ತಗ್ಗಿಸಿ.

ಪಿಲ್ಗು ಟವೆಲ್ಲಿನ ತುದಿ ಮುಟ್ಟಿದ. ಎಡಗಣ್ಣು ಕಿರಿದಾಯಿತು. "ಉಂ... ಸುಳ್ಳು! ಇವ್ನು ಯಾರನ್ನೋ ಕಾಪಾಡ್ತಿದಾನೆ."

"ಇಲ್ಲ ಸಾರ್! ದೇವ್ರಾಣೆಗೂ ನಾನೇ!"

"ನೋಡಿ ದಫೇದಾರ್ರೇ, ಆಣೆ ಬೇರೆ. ಪಾಪ, ಎಂಥಾ ದೊಡ್ಡ ಮನಸ್ಸು."

ದಫೇದಾರ ಕಳ್ಳನ ಕ್ಷಮೆ ಕೇಳಿ, ಹೊತ್ತು ಕೆಡಿಸಿದ್ದಕ್ಕೆ ಪರಿಹಾರವೆಂದು ಬೊಂಡಾಸಿನ ಕಟ್ಟನ್ನೂ ಅವನ ಕೈಗೇ ಕೊಟ್ಟು ಕಳಿಸಿದ. ಆ ಕಳ್ಳ ಹೆಬ್ಬಾಗಿಲಿನವರೆಗೂ ಹಿಂದಿರುಗಿ ಹಿಂದಿರುಗಿ ನೋಡುತ್ತ ಹೋದ.

ಆಮೇಲೆ ನನ್ನ ಸರದಿ. ಗಿರಾಕಿಯೊಬ್ಬಳು ಪಿಲ್ಗುವನ್ನೇ ಕರೆದುಕೊಂಡು ನನ್ನ ಅಂಗಡಿಗೆ ಬಂದಳು. "ಪಾಚಿಹಾಳೆ ಈ ಚಳಿಗಾಲದ್ದೇನಾ?" ಎಂದು ಕೇಳಿದಳು. ಈ ಚಳಿಗಾಲದ್ದೇ. ನಾನೇ ವಾಂಡೊ ದ್ವೀಪಕ್ಕೆ ಹೋಗಿ, ಬಿಸಿಲಲ್ಲಿ ನಿಂತು ಆರಿಸಿ ತಂದದ್ದು.

"ಹೌದಮ್ಮ," ಎಂದೆ.

"ಉಂ... ಸುಳ್ಳು," ಎಂದ ಪಿಲ್ಗು.

"ಲೇ ಪಿಲ್ಗು! ನಿನ್ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದೀನಿ ಕಣೋ!"

"ಅದಕ್ಕೇ ಜಾಸ್ತಿ ಬೇಜಾರಾಗ್ತಿದೆ ನಂಗೆ," ಎಂದು ನಿಟ್ಟುಸಿರು ಬಿಟ್ಟ. ಆಮೇಲೆ ಸಾಲಿನ ಕೊನೆಯ ಪ್ಯೊನ್ ಚಿಕ್ಕಮ್ಮನ ಅಂಗಡಿಗೆ ಹೋದ. ಆಕೆಯದೂ ಪಾಚಿಹಾಳೆಯೇ. ಹೋದ ವರ್ಷದ್ದು, ಅಂಚು ಕೆಂಪಾದದ್ದು, ಇಡೀ ಸಾಲಿಗೇ ಗೊತ್ತು. "ನಿನ್ನೆ ತಾನೇ ಬಂತು ಕಣಪ್ಪ," ಎಂದು ಆಕೆ ಮುಗುಳ್ನಕ್ಕಳು. "ನಿಜ!" ಎಂದ ಪಿಲ್ಗು. ಅಂದು ಅವಳ ಅಂಗಡಿಯ ಮುಂದೆ ಸಾಲು ನಿಂತಿತು, ನನ್ನ ಅಂಗಡಿಯಲ್ಲಿ ನೊಣ ಕೂಡ ಕೂರಲಿಲ್ಲ. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಹೆಂಗಸರು ಮಕ್ಕಳೂ ಇರುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ನಗಾಡಿ ಮರೆಯಬಹುದಿತ್ತು. ಆದರೆ ಪಿಲ್ಗುವಿಗೆ ಒಬ್ಬಳು ಮಗಳಿದ್ದಾಳೆ, ಸೊದಮ್. ದ್ವೀಪಗಳಿಗೆ ಹೋಗುವ ಹಡಗುಕಟ್ಟೆಯಲ್ಲಿ ಮೈಕಿನ ಮುಂದೆ ಕೂರುವವಳು. ಇಂದು ಹಡಗು ಬಿಡುತ್ತದೆಯೋ ಇಲ್ಲವೋ ಹೇಳುವುದು ಅವಳ ಕೆಲಸ. ಅದನ್ನು ಅವಳಿಗೆ ಹೇಳುವವನು ಬಂದರಿನ ಹವಾಮಾನ ಕಚೇರಿಯ ಹುಡುಗ ಜೆಹಾ. ದಿನಾ ಬೆಳಿಗ್ಗೆ ಫೋನು ಮಾಡಿ ಅಲೆ ಎಷ್ಟು ಎತ್ತರ ಎಂದು ಹೇಳಿ ಇಟ್ಟುಬಿಡುತ್ತಿದ್ದ. ಕ್ರಮೇಣ ಅಲೆ ಇಲ್ಲದ ದಿನವೂ ಫೋನು ಬರತೊಡಗಿತು. ಈಗ ಮದುವೆಯಾಗುತ್ತೇವೆ ಎನ್ನುವವರೆಗೆ ಬಂದಿತ್ತು. ಹುಡುಗ ದೂರದ ಬೆಟ್ಟದ ಸೀಮೆಯವನು, ಸಮುದ್ರ ಕಂಡದ್ದೇ ಕೆಲಸಕ್ಕೆ ಸೇರಿದ ಮೇಲೆ. ಮುಖ ನೋಡಿದರೆ ಯಾರಾದರೂ ಕರೆದು ಊಟ ಹಾಕಬೇಕು ಅನ್ನಿಸುವಂಥವನು. ಆದರೆ ಒಂದು ದೋಷ: ಹವಾಮಾನದವನಾದ್ದರಿಂದ ಯಾವುದನ್ನೂ ಪೂರ್ತಿ ಖಚಿತವಾಗಿ ಹೇಳಲಾರ.

ಅವನು ಹೆಣ್ಣು ಕೇಳಲು ಬಂದ ದಿನ ಪಿಲ್ಗು ಮುದ್ರೆ ಅಂಗಡಿಯಲ್ಲಿ ಗಂಭೀರವಾಗಿ ಕೂತಿದ್ದ. ಇಡೀ ಸಾಲಿನವರು ಏನೋ ಕೊಳ್ಳುವವರಂತೆ ನಟಿಸುತ್ತ ಅಲ್ಲೇ ನಿಂತಿದ್ದೆವು.

"ನನ್ ಮಗಳನ್ನ ಸುಖವಾಗಿ ಇಟ್ಕೋತೀಯಾ?"

ಜೆಹಾ ಬೆವರಿದ. ನೆಲ ನೋಡಿದ. "ತೊಂ... ತೊಂಬತ್ತು ಭಾಗ ಇಟ್ಕೋತೀನಿ ಮಾವಾ."

"ಇನ್ನು ಹತ್ತು ಭಾಗ?"

"ಅದು... ಮುಂದೆ ಏನ್ ಬರುತ್ತೋ ಯಾರಿಗ್ ಗೊತ್ತು? ಹೇಳಕ್ಕಾಗಲ್ಲ. ಆದ್ರೆ ಏನೇ ಬಂದ್ರೂ ನಾನ್ ಅಲ್ಲೇ ಇರ್ತೀನಿ. ಅದು ಮಾತ್ರ ನೂರಕ್ಕೆ ನೂರು."

ನನ್ನ ಪಕ್ಕದಲ್ಲಿದ್ದ ಮಾಲ್ಸುನ್ ಕಣ್ಣೊರೆಸಿಕೊಂಡಳು. ಪಿಲ್ಗು ಟವೆಲು ಮುಟ್ಟಿದ.

"ಉಂ... ಸುಳ್ಳು! ಪೂರ್ತಿ ಸುಳ್ಳು! ಬೆವರ್ತಾನೆ, ತೊದಲ್ತಾನೆ, ಕಣ್ಣು ತಪ್ಪಿಸ್ತಾನೆ. ಹೋಗಯ್ಯಾ, ದಿನಾ ಸುಳ್ಳು ಹೇಳಿ ಸಂಬಳ ತಗೊಳ್ಳೋನು ನೀನು!"

ಸೊದಮ್ ಅಪ್ಪನನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಭಸ್ಮವಾಗುತ್ತಿದ್ದರು. ಅವಳು ಅಪ್ಪನ ಒಪ್ಪಿಗೆ ಇಲ್ಲದೆ ಮದುವೆಯಾಗಲಾರಳು ಎಂದಲ್ಲ. ಆದರೆ ಹೆಬ್ಬಾಗಿಲಿಗೆ ಬ್ಯಾನರು ಕಟ್ಟಿಸಿಕೊಂಡ ಅಪ್ಪನೇ ಊರ ಮುಂದೆ ಸುಳ್ಳುಗಾರ ಎಂದವನ ಕೈ ಹಿಡಿದು, ಇದೇ ಊರಿನಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ? ಜೆಹಾನ ಮಾತು ನಂಬಿ ದೋಣಿ ಬಿಡುವ ಬೆಸ್ತರು ಕೂಡ ಅನುಮಾನಪಡತೊಡಗಿದರು. ಅವನು "ನಾಳೆ ಗಾಳಿ" ಎಂದರೆ ನಕ್ಕು ಬಲೆ ಎತ್ತಿಕೊಂಡರು. ಹಾಗೆ ಹೋದವರು ತೊಯ್ದು ತೊಪ್ಪೆಯಾಗಿ, ಬುಟ್ಟಿ ಕಳೆದುಕೊಂಡು ಬಂದರು, ಪುಣ್ಯಕ್ಕೆ ಜೀವಸಮೇತ. ಹುಡುಗ ತನ್ನ ಬೆಟ್ಟದ ಸೀಮೆಗೆ ವರ್ಗ ಕೇಳುತ್ತೇನೆ ಎಂದ. ಸೊದಮ್ ಮೈಕಿನಲ್ಲಿ ಹಡಗಿನ ಹೊತ್ತು ಹೇಳುವಾಗ ಅವಳ ದನಿ ಒಡೆಯುವುದು ನಮಗೆಲ್ಲ ಕೇಳುತ್ತಿತ್ತು.

ಇದೇ ಸಮಯ ನೋಡಿ ಪ್ಯೊನ್ ಚಿಕ್ಕಮ್ಮ ತನ್ನ ಅಕ್ಕನ ಮಗ ಪಾಂಗ್ ಎಂಬುವನನ್ನು ಕರೆತಂದಳು. ದ್ವೀಪಗಳಲ್ಲಿ ನಿವೇಶನ ಮಾರುವವನು. ಕೋಟಿನ ಕಿಸೆಯಲ್ಲಿ ಬಾಚಣಿಗೆ, ಬಾಯಲ್ಲಿ ಬೆಣ್ಣೆ. ಪಿಲ್ಗುವಿನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: "ಮಾವಾ, ನಾನು ಕುಡಿಯೋದಿಲ್ಲ."

"ನಿಜ."

"ಬರೋ ವರ್ಷ ನಮ್ ದ್ವೀಪಕ್ಕೆ ಸೇತುವೆ ಆಗುತ್ತೆ."

"ನಿಜ."

"ನಂಗೆ ಇದುವರ್ಗೂ ಮದುವೆಯ ಮಾತೇ ಆಗಿಲ್ಲ. ಸೊದಮ್ ಅವ್ರೇ ಮೊದಲು, ಅವ್ರೇ ಕೊನೆ."

"ನಿಜ, ನಿಜ, ನಿಜ!" ಎಂದು ಪಿಲ್ಗು ಎದ್ದು ಅವನನ್ನು ತಬ್ಬಿಕೊಂಡ. "ಒಂದ್ ಸಲಾನೂ ಕಣ್ಣು ಮಿಟುಕಿಸಲಿಲ್ಲ! ಎಂಥಾ ಹುಡುಗ!"

ಈ ನಡುವೆ ಪ್ರೊಫೆಸರಮ್ಮನಿಂದ ಮೇಲಿಂದ ಮೇಲೆ ಫೋನು. "ಯಜಮಾನ್ರೇ, ನಿಮ್ಮ ಫಲಿತಾಂಶದ ಬಗ್ಗೆ ಒಂದು ಮುಖ್ಯವಾದ..." ಎನ್ನುತ್ತಿದ್ದಂತೆ ಇವನು ಫೋನಿಗೇ ಬಗ್ಗಿ, "ಅಯ್ಯೋ, ಬಿಡಿ ಬಿಡಿ, ನಾಚ್ಕೆ ಆಗುತ್ತೆ!" ಎಂದು ಇಟ್ಟುಬಿಡುತ್ತಿದ್ದ. ಕೊನೆಗೆ ಆಕೆ ಸೋತು, "ಆಯ್ತು, ಯಾವಾಗ್ಲಾದ್ರೂ ಒಟ್ಟಿಗೆ ಒಂದು ಊಟ ಮಾಡೋಣ. ನಾನೇ ಬರ್ತೀನಿ," ಎಂದರು.

ಪಿಲ್ಗು ಫೋನು ಇಟ್ಟು ನಕ್ಕ. "ಊಟ ಮಾಡೋಣ ಅಂತೆ! ಇಡೀ ದೇಶದಲ್ಲಿ ಎಲ್ಲರೂ ಎಲ್ಲರಿಗೂ ಹೇಳೋ ಮಾತು. ಯಾವತ್ತಾದ್ರೂ ಯಾರಾದ್ರೂ ಬಂದಿದಾರಾ? ಸುಳ್ಳು. ಬರಲ್ಲ ಆಯಮ್ಮ."

ಮಾಲ್ಸುನ್ ಮಡಕೆಯಿಂದ ಒಂದು ಒಳ್ಳೆಯ ಹೊಂಗೊ ತುಂಡು ತೆಗೆದು ಬೇರೆ ಇಟ್ಟಳು.

ಹಟ ಹಿಡಿದವಳೂ ಅವಳೇ. "ಪಾಂಗ್‌ನ ಜೊತೆ ಮಾತು ಮುಗಿಸೋ ಮುಂಚೆ ಇಬ್ರು ಹುಡುಗ್ರನ್ನೂ ಒಂದೇ ಮೇಜಿಗೆ ಕೂರಿಸಿ ಊಟ ಹಾಕ್ತೀನಿ. ಊರೆಲ್ಲ ನೋಡ್ಲಿ. ಆಮೇಲೆ ನೀವ್ ಏನ್ ಹೇಳ್ತೀರೋ ಹೇಳಿ," ಎಂದಳು. ಪಿಲ್ಗುವಿಗೆ ಊರೆಲ್ಲ ನೋಡುವುದು ಎಂಬ ಮಾತು ಬಹಳ ಹಿಡಿಸಿತು.

ಸಂಘದ ಮಹಡಿಯ ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಊಟ. "ಏನೂ ಮಾಡಿಲ್ಲ, ಇದ್ದಿದ್ದು ತಿನ್ನಿ," ಎಂದಳು ಮಾಲ್ಸುನ್. ಮೇಜಿನ ಮೇಲೆ ಮೊಣಕೈ ಊರಲು ಜಾಗವಿರಲಿಲ್ಲ. ಸುಟ್ಟ ಮೀನು, ಸಿಂಪಿ, ಬೇಯಿಸಿದ ಹಂದಿಮಾಂಸ, ಹುಳಿ ಬಂದ ಕೋಸಿನ ಕಿಮ್ಚಿ, ಇನ್ನೂ ಏನೇನೋ. "ಪಾಪ, ಏನೂ ಮಾಡೋಕೆ ಆಗ್ಲಿಲ್ಲಂತೆ," ಎಂದು ಪಿಲ್ಗು ಅತಿಥಿಗಳಿಗೆ ವಿವರಿಸಿದ. ನಡುವೆ, ದೊಡ್ಡ ತಟ್ಟೆಯಲ್ಲಿ, ಕೆಂಪಗೆ ಹೊಳೆಯುವ ಹೊಂಗೊ. ಮಡಕೆಯಿಂದ ತೆಗೆದ ಕೂಡಲೇ ಅಧ್ಯಕ್ಷರ ಕನ್ನಡಕ ಮಂಜಾಯಿತು. ಒಂದು ಕಡೆ ಪಾಂಗ್ ಮತ್ತು ಚಿಕ್ಕಮ್ಮ, ಇನ್ನೊಂದು ಕಡೆ ಒಬ್ಬನೇ ಜೆಹಾ, ಕೊನೆಯಲ್ಲಿ ಊದಿದ ಕಣ್ಣಿನ ಸೊದಮ್. ಗೋಡೆಗೆ ಒರಗಿ ನಾವೆಲ್ಲ. ಕಾನೂನು ಸುವ್ಯವಸ್ಥೆಗೆಂದು ಬಂದ ಮಾ ದಫೇದಾರ ಹಂದಿಮಾಂಸದ ಹತ್ತಿರ.

ಪಾಂಗ್ ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ, "ಆಹಾ! ಇದನ್ನ ತಿಂದೇ ಬೆಳೆದೋನು ನಾನು. ಅಮೃತ!" ಎಂದ.

"ನಿಜ!" ಎಂದ ಪಿಲ್ಗು.

ಜೆಹಾ ತುಂಡು ಎತ್ತಿಕೊಂಡ. ಬೆಟ್ಟದ ಸೀಮೆಯವನು, ಹಿಂದೆಂದೂ ತಿಂದವನಲ್ಲ. ಬಾಯಿಗಿಟ್ಟ. ಮುಖ ಕೆಂಪಾಯಿತು, ಆಮೇಲೆ ನೀಲಿಯಾಯಿತು. ಘಾಟು ನೆತ್ತಿಗೆ ಏರಿ ಎರಡೂ ಕಣ್ಣಿನಿಂದ ನೀರು, ಮೂಗಿನಿಂದಲೂ ನೀರು. ಅಗಿದ, ಅಗಿದ, ನುಂಗಿದ.

"ಚೆ... ಚೆನ್ನಾಗಿದೆ ಅತ್ತೆ."

ಪಿಲ್ಗು ಮೇಜು ಗುದ್ದಿ ಎದ್ದ. "ಸುಳ್ಳು! ನೋಡ್ರೋ ಎಲ್ಲಾ! ಕಣ್ಣೀರು ಸುರೀತಿದೆ, ಚೆನ್ನಾಗಿದೆ ಅಂತಾನೆ! ಊಟದ ಮೇಜಲ್ಲೂ ಸುಳ್ಳು ಹೇಳೋನಿಗೆ ಹೆಣ್ಣು ಕೊಡ್ಲಾ? ಇವತ್ತೇ ಹೇಳ್ತೀನಿ, ನನ್ ಅಳಿಯ—"

"ನಿಲ್ಸಿ!"

ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದವರು ಪ್ರೊಫೆಸರ್ ನಾಮ್ಗುಂಗ್. ಕೈಯಲ್ಲಿ ಮರಸೇಬಿನ ಪೆಟ್ಟಿಗೆ. ಊಟಕ್ಕೆ ಬರುತ್ತೇನೆ ಎಂದವರು ನಿಜವಾಗಿ ಬಂದದ್ದನ್ನು ಕಂಡು ಇಡೀ ಸಭೆ ದಂಗಾಯಿತು.

"ಯಜಮಾನ್ರೇ, ಕೆಳಗಿನ ಬ್ಯಾನರ್ ನೋಡ್ದೆ. ಎದೆ ಧಸಕ್ ಅಂತು. ಅಲ್ಲಾ, ನೀವು—"

"ಅಯ್ಯೋ, ಬಿಡಿ ಬಿಡಿ—" ಎಂದು ಪಿಲ್ಗು ಬಗ್ಗತೊಡಗಿದ.

"ಬಿಡಲ್ಲ!" ಎಂದು ಆಕೆ ಅವನ ಟವೆಲ್ಲಿನ ಎರಡೂ ತುದಿ ಹಿಡಿದುಕೊಂಡರು. "ಈ ಸಲ ಪೂರ್ತಿ ಕೇಳಿಸ್ಕೊಳ್ಳಿ. ನಲವತ್ತಕ್ಕೆ ನಲವತ್ತೂ ತಪ್ಪು! ಎಲ್ಲಾ ತಪ್ಪು! ಒಂದೇ ಒಂದು ಸರಿ ಇಲ್ಲ!"

ಕೆಳಗೆ ಯಾರೋ ಮಂಜುಗಡ್ಡೆ ಒಡೆಯುವ ಸದ್ದು ಕೇಳಿತು. ಪಿಲ್ಗು ಬಗ್ಗಿದವನು ಮೇಲೇಳಲೇ ಇಲ್ಲ. ಅವನ ಕಿವಿ ಕೆಂಪಾದದ್ದನ್ನು ಕಂಡು ನನಗೆ ಸಂತೋಷವಾಗಬೇಕಿತ್ತು, ಪಾಚಿಹಾಳೆಯ ಲೆಕ್ಕದಲ್ಲಿ. ಆಗಲಿಲ್ಲ. ಪಾಪ ಅನ್ನಿಸಿತು. ಒಂದೇ ಬೆಂಚಿನಲ್ಲಿ ಕೂತವನು.

"ಅಂದ್ರೆ... ನಾನ್ ದಡ್ಡ ಅಂತನಾ?" ಎಂದ ಪಿಲ್ಗು, ನೆಲಕ್ಕೆ.

"ಯಾರ್ ಹೇಳಿದ್ದು? ದಡ್ಡನಿಗೆ ಅರ್ಧ ಸರಿಯಾಗುತ್ತೆ, ಬುದ್ಧಿವಂತನಿಗೂ ಅರ್ಧ ಸರಿಯಾಗುತ್ತೆ. ಕಣ್ಣು ತಪ್ಪಿಸೋದು, ಬೆವರೋದು, ತೊದಲೋದು ಯಾವುದೂ ಸುಳ್ಳಿನ ಗುರುತಲ್ಲ. ನಿಜ ಹೇಳೋನಿಗೆ, ಇವ್ರು ನಂಬ್ತಾರೋ ಇಲ್ವೋ ಅಂತ ಹೆದ್ರಿಕೆ. ಸುಳ್ಳು ಹೇಳೋನು ಮನೇಲೇ ಅಭ್ಯಾಸ ಮಾಡ್ಕೊಂಡ್ ಬಂದಿರ್ತಾನೆ. ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಆದ್ರೆ ಪ್ರತೀ ಸಲಾನೂ, ಒಂದೂ ಬಿಡದೆ ತಪ್ಪು ಹೇಳೋದು ಯಾರ ಕೈಲಾಗುತ್ತೆ? ಎಲ್ಲೋ ಒಳಗೆ ನಿಮಗೆ ನಿಜ ಗೊತ್ತಾಗ್ತಿದೆ ಯಜಮಾನ್ರೇ. ಬಾಯಿಗೆ ಬರೋವಾಗ ಮಾತ್ರ ತಿರುಗಿ ಬರುತ್ತೆ."

ಆಗ ಸೊದಮ್ ಎದ್ದು ನಿಂತಳು. ಅಳು ನಿಂತ ಮುಖದಲ್ಲಿ ಏನೋ ಬೆಳಗಿತು.

"ಅಪ್ಪ ಮುದ್ರೆ ಕೆತ್ತೋನು! ಮುದ್ರೆ ತಿರುಗುಮುರುಗಾಗಿ ಇದ್ರೆ ತಾನೇ ಕಾಗದದ ಮೇಲೆ ಸರಿಯಾಗಿ ಬೀಳೋದು? ಅಪ್ಪನ ಮಾತನ್ನ ಒತ್ತಿ ನೋಡ್ಬೇಕು, ಅಷ್ಟೇ!"

ಎಲ್ಲರೂ ತಮ್ಮ ತಮ್ಮ ಮನಸ್ಸಿನಲ್ಲಿ ಪಿಲ್ಗುವಿನ ತೀರ್ಪುಗಳನ್ನು ತಿರುಗಿಸಿ ಒತ್ತಿ ನೋಡುತ್ತಿದ್ದರು. ಮೊದಲು ಒತ್ತಿ ಮುಗಿಸಿದವನು ಮಾ ದಫೇದಾರ, "ಅಯ್ಯೋ, ನನ್ ಬೊಂಡಾಸು!" ಎಂದು ಕೂಗಿದ. ಎರಡನೆಯವನು ನಾನು. "ನನ್ ಪಾಚಿಹಾಳೆ ಈ ಚಳಿಗಾಲದ್ದು! ಎಲ್ರೂ ಕೇಳಿಸ್ಕೊಂಡ್ರಾ? ವಿಶ್ವವಿದ್ಯಾಲಯ ಹೇಳ್ತಿದೆ!" ಎಂದು ಕುರ್ಚಿಯ ಮೇಲೆ ಹತ್ತಿ ನಿಂತೆ. ಎಲ್ಲರೂ ಪ್ಯೊನ್ ಚಿಕ್ಕಮ್ಮನತ್ತ ತಿರುಗಿದರು. ಅವಳಿಂದ ಪಾಂಗ್‌ನತ್ತ ತಿರುಗಿದರು. ಕುಡಿಯುವುದಿಲ್ಲ, ನಿಜ. ಸೇತುವೆ ಬರುತ್ತೆ, ನಿಜ. ಮದುವೆಯ ಮಾತೇ ಆಗಿಲ್ಲ, ನಿಜ, ನಿಜ, ನಿಜ.

"ಮೂರು ಸಲ ನಿಜ ಅಂದ್ರಿ ಅಲ್ವೇನ್ರೀ ಅದನ್ನ?" ಎಂದಳು ಮಾಲ್ಸುನ್, ಮೆಲ್ಲಗೆ.

ಚಿಕ್ಕಮ್ಮ ತಡೆಯಲಾರದೆ ಅಕ್ಕನ ಮಗನ ಬೆನ್ನಿಗೆ ಗುದ್ದಿದಳು. "ಲೋ! ಆ ಯೊಸು ಊರಿನ ಹುಡುಗಿಯ ಜೊತೆ ನಿಶ್ಚಯ ಆಗಿದ್ದು ಮುರೀತು ಅಂದ್ಯಲ್ಲೋ! ಮುರ್ದಿಲ್ವೇನೋ?"

ಪಾಂಗ್ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. "ನಂಗೆ ಒಂದು ಅರ್ಜೆಂಟ್ ಕೆಲಸ ಇದೆ. ಈಗ ಬಂದೆ."

"ನಿಜ," ಎಂದುಬಿಟ್ಟ ಪಿಲ್ಗು, ಅಭ್ಯಾಸಬಲದಿಂದ.

ಸಭೆ ಗೊಳ್ಳೆಂದಿತು. ಪಾಂಗ್ ಮೆಟ್ಟಿಲಿಳಿದ ಸದ್ದು ಆ ನಗುವಿನಲ್ಲಿ ಯಾರಿಗೂ ಕೇಳಲಿಲ್ಲ.

ನಗು ತಗ್ಗಿದಾಗ ಎಲ್ಲರ ಕಣ್ಣು ಜೆಹಾನ ಮೇಲೆ ಬಿತ್ತು. ಅವನು ಈ ಗಲಾಟೆಯ ನಡುವೆ ತಲೆ ಬಗ್ಗಿಸಿ, ಕಣ್ಣೀರು ಸುರಿಸುತ್ತ, ಮೂಗು ಸೇದುತ್ತ, ಹೊಂಗೊ ತಟ್ಟೆಯನ್ನು ಮುಕ್ಕಾಲು ಖಾಲಿ ಮಾಡಿದ್ದ. ಸಿಕ್ಕಿಬಿದ್ದವನಂತೆ ಚಮಚ ಕೆಳಗಿಟ್ಟ.

"ನಾನ್ ಹೇಳಿದ್ನಲ್ಲ... ಚೆನ್ನಾಗಿದೆ ಅಂತ," ಎಂದ.

ಮಾಲ್ಸುನ್ ಪ್ರೊಫೆಸರಮ್ಮನಿಗೆಂದು ಎತ್ತಿಟ್ಟಿದ್ದ ತುಂಡಿನಲ್ಲಿ ಅರ್ಧ ಕೊಯ್ದು ಅವನ ತಟ್ಟೆಗೆ ಹಾಕಿದಳು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ.

ಪಿಲ್ಗು ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹುಡುಗನ ಮುಂದೆ ನಿಂತ. "ಆವತ್ತು ನೀನು, ಏನೇ ಬಂದ್ರೂ ನಾನ್ ಅಲ್ಲೇ ಇರ್ತೀನಿ ಅಂದೆ. ನಾನು ಪೂರ್ತಿ ಸುಳ್ಳು ಅಂದೆ."

"ಹೌದು ಮಾವಾ."

"ನನ್ ಜನ್ಮದಲ್ಲಿ ಯಾವ ಮಾತನ್ನೂ ಅಷ್ಟು ಗಟ್ಟಿಯಾಗಿ ಸುಳ್ಳು ಅಂದಿಲ್ಲ ಕಣಪ್ಪಾ," ಎಂದು ಪಿಲ್ಗು ಅವನ ಎರಡೂ ಕೈ ಹಿಡಿದುಕೊಂಡ. ಸೊದಮ್ ಅಪ್ಪನ ಬೆನ್ನಿಗೆ ಮುಖ ಒತ್ತಿಕೊಂಡಳು. ಮಾರನೇ ದಿನ ಬೆಳಿಗ್ಗೆ ಹಡಗುಕಟ್ಟೆಯ ಮೈಕಿನಲ್ಲಿ ಅವಳು ಅಲೆಯ ಎತ್ತರ ಹೇಳಿದ ರೀತಿ, ಪ್ರಯಾಣವಿಲ್ಲದವರೂ ಟಿಕೆಟ್ ಕೊಳ್ಳುವ ಹಾಗಿತ್ತು.

ಅಧ್ಯಕ್ಷರಿಗೆ ಒಂದೇ ಚಿಂತೆ. "ಬ್ಯಾನರ್ ಇಳಿಸ್ಬೇಕಾ?"

"ಯಾಕ್ರೀ?" ಎಂದೆ ನಾನು. "ನಲವತ್ತಕ್ಕೆ ನಲವತ್ತು ಅಂತ ತಾನೇ ಇದೆ? ಸರಿ ಅಂತ ಎಲ್ಲಿ ಬರೆದಿದೆ?"

ಬ್ಯಾನರು ಉಳಿಯಿತು. ಪ್ರೊಫೆಸರಮ್ಮ ಪಿಲ್ಗುವನ್ನು ತಮ್ಮ ಸಂಶೋಧನಾಲಯಕ್ಕೆ ವಾರವಾರವೂ ಬರಲು ಅಲ್ಲೇ, ಎಲ್ಲರ ಮುಂದೆ ಕರೆದರು. "ಒಂದೇ ಬೇಡಿಕೆ. ಸರಿಯಾಗಿ ಹೇಳೋಕೆ ಮಾತ್ರ ಪ್ರಯತ್ನ ಮಾಡ್ಬೇಡಿ," ಎಂದರು.

"ಪ್ರಯತ್ನ ಮಾಡಿದ್ರೂ ಆಗಲ್ಲ ಬಿಡಮ್ಮಾ," ಎಂದಳು ಮಾಲ್ಸುನ್. "ಆದ್ರೂ ಇಷ್ಟು ದಿನ ಏನ್ ಕುಣಿದಾಡಿದ್ರು! ಮಗಳನ್ನ ಅಳಿಸಿದ್ರು, ನೆರೆಯವ್ರ ಹೊಟ್ಟೆ ಮೇಲೆ ಹೊಡೆದ್ರು." ಆಮೇಲೆ ಗಂಡನತ್ತ ತಿರುಗಿದಳು. "ನಿಮ್ಮನ್ನ ಕಟ್ಕೊಂಡು ನನ್ನ ಬಾಳು ಹಾಳಾಯ್ತು!"

ಪಿಲ್ಗು ತಲೆ ತಗ್ಗಿಸಿದ. ಅವನ ಮನಸ್ಸಿಗೆ ನಿಜವಾಗಿ ನೋವಾಗಿತ್ತು. ದೊಡ್ಡದಾಗಿ ನಿಟ್ಟುಸಿರು ಬಿಟ್ಟು, "ಅದು ಮಾತ್ರ ನಿಜ ಕಣೇ," ಎಂದ. "ನೂರಕ್ಕೆ ನೂರು ನಿಜ."

ಯಾರಿಗೆ ಮೊದಲು ಹೊಳೆಯಿತೋ ಗೊತ್ತಿಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಕಿಸಕ್ಕೆಂದಿತು. ಆಮೇಲೆ ಮಹಡಿಯೇ ಅಲುಗುವಂತೆ ಇಡೀ ಸಭೆ ನಕ್ಕಿತು, ಚಪ್ಪಾಳೆ ಹೊಡೆಯಿತು, ದಫೇದಾರ ಸೀಟಿ ಊದಿದ. ಮಾಲ್ಸುನ್‌ಳ ಮುಖ ಹೊಂಗೊವಿಗಿಂತ ಕೆಂಪಾಯಿತು. ಸರ್ರನೆ ತಿರುಗಿ ಮಡಕೆಯ ಹಿಂದೆ ಹೋಗಿ ಕೂತುಬಿಟ್ಟಳು. ಪಿಲ್ಗುವೊಬ್ಬನೇ, ಏನಾಯಿತು ಏನಾಯಿತು ಎಂದು ಒಬ್ಬೊಬ್ಬರ ಮುಖ ನೋಡುತ್ತ ನಿಂತಿದ್ದ. ಕೊನೆಗೆ ಮಗಳು ಕಿವಿಯಲ್ಲಿ ಏನೋ ಹೇಳಿದಳು. ಅವನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

ಮೆಲ್ಲಗೆ ಹೋಗಿ ಮಡಕೆಯ ಹಿಂದೆ ಇಣುಕಿದ. ಅವಳು ಸೆರಗಿನಂತೆ ಏಪ್ರನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಅವನು ತನ್ನ ಅಮೂಲ್ಯ ಟವೆಲನ್ನು ಚಾಚಿದ.

"ಅಳ್ತಿದೀಯಾ?"

"ಅಳೋಕೆ ನಂಗೇನಾಗಿದೆ?" ಎಂದು ಅವಳು ಟವೆಲು ಕಿತ್ತುಕೊಂಡು ಮೂಗು ಒರೆಸಿಕೊಂಡಳು. "ಹೊಂಗೊ ಘಾಟು ಕಣ್ರೀ. ಕಣ್ಣಿಗೆ ಹೊಡೀತು."

ಹೊಂಗೊ ಮಡಕೆಯ ಪಕ್ಕದಲ್ಲೇ ತಲೆ ನರೆತವಳು. ಸಭೆಯೆಲ್ಲ ಉಸಿರು ಬಿಗಿಹಿಡಿದು ಪಿಲ್ಗುವಿನತ್ತ ನೋಡಿತು. ಅವನ ಎಡಗಣ್ಣು ಕಿರಿದಾಯಿತು.

"ಉಂ... ನಿಜ," ಎಂದ ಪಿಲ್ಗು.